ಕೌದಿಯ ನಾಲ್ಕನೆಯ ಮೂಲೆ

ದೆವ್ವ ಕಂಡೆ ಎನ್ನುವವರು, ಸತ್ತವರು ಕನಸಿನಲ್ಲಿ ಬಂದು ಮಾತಾಡಿದರು ಎನ್ನುವವರು, ಬೆಕ್ಕು ಅಡ್ಡ ಬಂದದ್ದಕ್ಕೇ ಬಸ್ಸು ತಪ್ಪಿತು ಎನ್ನುವವರು, ಇವರನ್ನೆಲ್ಲ ಕಂಡರೆ ನನಗೆ ಮೊದಲಿನಿಂದಲೂ ನಗು. ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳು ನಾನು. "ಮೊದಲು ಆಧಾರ ಕೊಡು, ಆಮ್ಯಾಲೆ ಮಾತಾಡು" ಎಂದು ಮಕ್ಕಳಿಗೆ ಹೇಳಿ ಹೇಳಿ ನನ್ನ ನಾಲಿಗೆಯೇ ಸವೆದಿದೆ. ಈಗ ನಾನು ಬರೆಯಹೊರಟಿರುವುದನ್ನು ಬೇರೆ ಯಾರಾದರೂ ನನ್ನ ಮುಂದೆ ಹೇಳಿದ್ದರೆ, ಸಾಕು ನಿಮ್ಮ ಪುರಾಣ ಎಂದು ಎದ್ದು ಹೋಗುತ್ತಿದ್ದೆ. ನೀವು ಹಾಗೆ ಎದ್ದು ಹೋದರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇನೆ, ಅಷ್ಟೇ.

ಎಐ ಎಂಬ ಯಂತ್ರದ ಮೇಲಂತೂ ನನ್ನ ಅಪನಂಬಿಕೆ ಇನ್ನೂ ಒಂದು ಕೈ ಹೆಚ್ಚು. ನಿವೃತ್ತಳಾದ ಮೇಲೂ ಶಾಲೆಯವರು ವರ್ಷಕ್ಕೊಮ್ಮೆ ಹತ್ತನೆಯ ತರಗತಿಯ ಕನ್ನಡ ಪ್ರಾಜೆಕ್ಟುಗಳನ್ನು ತಿದ್ದಲು ನನ್ನನ್ನು ಕರೆಯುತ್ತಾರೆ. ಇದು ಎರಡು ವರ್ಷದ ಹಿಂದಿನ ಮಾತು. ಆ ಸಲದ ವಿಷಯ 'ನಮ್ಮ ಮನೆಯ ಒಂದು ಹಳೆಯ ವಸ್ತು'. ಓದುತ್ತ ಹೋದಂತೆ ತಲೆ ಚಿಟ್ಟು ಹಿಡಿಯಿತು. ಒಂದಾದ ಮೇಲೊಂದು ಪ್ರಾಜೆಕ್ಟು 'ಒಟ್ಟಾರೆಯಾಗಿ ಹೇಳುವುದಾದರೆ' ಎಂದೇ ಮುಗಿಯುತ್ತಿತ್ತು. ಪುಣೆಯ ಧನಕವಡಿಯ ಮೂರನೆಯ ಮಹಡಿಯಲ್ಲಿ ಹುಟ್ಟಿ ಬೆಳೆದ ಒಬ್ಬ ಮಹಾಶಯ ತನ್ನ ಮನೆಯ ಹಿತ್ತಲ ಬಾವಿಯ ಮೇಲೆ ಎರಡು ಪುಟ ಬರೆದಿದ್ದ. ಕರೆದು, "ಬಾವ್ಯಾಗ ಈಗ ಎಷ್ಟು ನೀರು ಅದನೋ?" ಎಂದು ಕೇಳಿದರೆ ಹಲ್ಲು ಕಿರಿದ. ಮಕ್ಕಳು ಓದುವುದನ್ನೂ ಬರೆಯುವುದನ್ನೂ ಮೊಬೈಲಿಗೆ ಒಪ್ಪಿಸಿ ತಾವು ಹಾಯಾಗಿ ಇದ್ದಾರೆ ಎಂದು ನನಗೆ ಸಿಟ್ಟು ನೆತ್ತಿಗೇರಿತ್ತು.

ಶಾಲೆಯ ಮುಖ್ಯಾಧ್ಯಾಪಕಿ ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಒಂದು ನಿಯಮ ಮಾಡಿದ್ದಳು. ಎಐ ಕೇಳಿದರೆ ತಪ್ಪಲ್ಲ, ಆದರೆ ಬರೆದ ಪ್ರತಿಯೊಂದಕ್ಕೂ ಆಧಾರ ತೋರಿಸಬೇಕು. ತೋರಿಸಲಾಗದ ಒಂದು ಮಾತು ಸಿಕ್ಕರೂ ಸೊನ್ನೆ, ಮೇಲೆ 'ನಕಲು' ಎಂಬ ಷರಾ. ಒಮ್ಮೆ ಸಲ್ಲಿಸಿದ ಮೇಲೆ ತಿದ್ದುವಂತಿಲ್ಲ. ನಾನೇ ಒತ್ತಾಯ ಮಾಡಿ ಮಾಡಿಸಿದ ನಿಯಮ ಅದು, ಮುಚ್ಚಿಡುವುದೇಕೆ.

ಆ ಕಟ್ಟಿನಲ್ಲಿ ಮಹಾದೇವಿಯ ಪ್ರಾಜೆಕ್ಟೂ ಇತ್ತು. ಮಹಾದೇವಿ ಇಂಡಿ ಕಡೆಯ ಹುಡುಗಿ. ತಂದೆಗೆ ಪುಣೆಯ ಹತ್ತಿರದ ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ಭೋಸರಿಯಲ್ಲಿ ಒಂದು ಕೋಣೆಯ ಮನೆ. ಹತ್ತನೆಯ ನಂತರ ಊಟ ವಸತಿ ಕೊಟ್ಟು ವಿಜ್ಞಾನ ಓದಿಸುವ ಒಂದು ಹೆಣ್ಣುಮಕ್ಕಳ ವಿದ್ಯಾಲಯಕ್ಕೆ ಶಾಲೆಯಿಂದ ಒಬ್ಬಳ ಹೆಸರು ಹೋಗಬೇಕಿತ್ತು. ಅದು ಮಹಾದೇವಿಯ ಹೆಸರೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅದು ತಪ್ಪಿದರೆ ಅವಳ ಓದು ಹತ್ತಕ್ಕೇ ಸಾಕು ಎಂದು ತಂದೆ ಮೊದಲೇ ಹೇಳಿಬಿಟ್ಟಿದ್ದರು. 'ನಕಲು' ಎಂಬ ಷರಾ ಬಿದ್ದ ಹುಡುಗಿಯ ಹೆಸರನ್ನು ಯಾವ ಶಾಲೆ ಕಳಿಸುತ್ತದೆ?

ಅವಳು ಬರೆದದ್ದು ಅಜ್ಜಿ ಹೊಲಿದ ಕೌದಿಯ ಬಗ್ಗೆ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಕೈಯಿಂದಲೇ ಹೊಲಿಯುವ ನಮ್ಮ ಕಡೆಯ ಹೊದಿಕೆ ಅದು. ಅದಕ್ಕೊಂದು ಪದ್ಧತಿ ಇದೆ, ನಮ್ಮ ಮನೆಯಲ್ಲೂ ಇತ್ತು. ಮೂರು ಮೂಲೆ ಮುಚ್ಚಿ ನಾಲ್ಕನೆಯದನ್ನು ಕೊನೆಗೆ ಉಳಿಸುತ್ತಾರೆ. ಆ ಮೂಲೆ ಹೊಲಿಯುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ. ಕೌದಿಗೂ ಹೊಟ್ಟೆ ಇರುತ್ತದೆ, ಹಸಿದ ಕೌದಿ ಯಾರನ್ನೂ ಬೆಚ್ಚಗೆ ಇಡುವುದಿಲ್ಲ ಎಂಬ ನಂಬಿಕೆ. ಹುಡುಗಿ ಇದನ್ನೆಲ್ಲ ಚಂದವಾಗಿ ಬರೆದಿದ್ದಳು. ಇದನ್ನೂ ಯಂತ್ರವೇ ಬರೆದಿರಬೇಕು, ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದುಕೊಂಡು ಕೆಂಪು ಪೆನ್ನು ಹಿಡಿದೇ ಓದುತ್ತಿದ್ದೆ. ಮೂರನೆಯ ಪುಟದಲ್ಲಿ ಈ ಸಾಲುಗಳು ಬಂದವು:

"ಮಗು ತೀರಿಹೋದ ಮನೆಯಲ್ಲಿ ಕೌದಿ ಹೊಲಿದರೆ ರೊಟ್ಟಿಯ ಬದಲು ಆ ಮಗುವಿನ ಕಾಲಿನ ಒಂದು ಗೆಜ್ಜೆ ಇಡುತ್ತಾರೆ. ಒಳಗಿನ ಗುಂಡನ್ನು ತೆಗೆದು ಇಡುತ್ತಾರೆ. ಉಳಿದ ಮಕ್ಕಳು ಹೊರಳಿದಾಗ ಅದು ಸಪ್ಪಳ ಮಾಡಬಾರದು, ತಾಯಿಗೆ ಎಚ್ಚರವಾಗಬಾರದು."

ಪೆನ್ನು ಕೆಳಗಿಟ್ಟು ಎದ್ದು ಹೋಗಿ ನೀರು ಕುಡಿದು ಬಂದೆ.

ಯಾಕೆಂದು ಹೇಳಬೇಕು. ನನಗೆ ಏಳು ವರ್ಷವಿದ್ದಾಗ ಎರಡು ವರ್ಷದ ನನ್ನ ತಂಗಿ ಗಂಗೂ ಜ್ವರದಿಂದ ಹೋಗಿಬಿಟ್ಟಳು. ಆಮೇಲೆ ಓಣಿಯಲ್ಲಿ ಆಡಿನ ಕೊರಳ ಗಂಟೆ ಅಲ್ಲಾಡಿದರೂ ಅವ್ವ ನಿದ್ದೆಯಿಂದ ಎದ್ದು ಕೂಡುತ್ತಿದ್ದಳು. ಆ ವರ್ಷ ಅವ್ವ ಒಂದು ಕೌದಿ ಹೊಲಿದಳು. ನಾಲ್ಕನೆಯ ಮೂಲೆ ಮುಚ್ಚುವಾಗ ರೊಟ್ಟಿ ಇಡಲಿಲ್ಲ. ಸೆರಗಿನ ಗಂಟಿನಿಂದ ಗಂಗೂನ ಕಾಲುಸರದ ಬೆಳ್ಳಿಯ ಗೆಜ್ಜೆಗಳಲ್ಲಿ ಒಂದನ್ನು ತೆಗೆದು ಒಳಗಿಟ್ಟು, ಮೇಲೆ ಕುಪ್ಪಸದ ಕೆಂಪು ಖಣದ ತುಂಡು ಹಚ್ಚಿ ಹೊಲಿದುಬಿಟ್ಟಳು. ಬಾಗಿಲ ಮರೆಯಲ್ಲಿ ನಿಂತು ನಾನು ನೋಡಿದೆ. ನಾನು ನೋಡಿದ್ದು ಅವ್ವನಿಗೂ ಗೊತ್ತಿರಲಿಲ್ಲ.

ಆ ಕೌದಿಯನ್ನು ನಾವೇ ಹೊದೆಯುತ್ತಿದ್ದೆವು. ಅವ್ವ ಮಲಗಿದ ಮೇಲೆ ನಾನು ಕೆಂಪು ಮೂಲೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ, ಗಂಗೂನ ಗೆಜ್ಜೆಯ ಸಪ್ಪಳ ಕೇಳಬಹುದೆಂದು. ಒಂದು ದಿನವೂ ಕೇಳಲಿಲ್ಲ. ಮೂಲೆ ಗಟ್ಟಿಯಾಗಿಯೇ ಇತ್ತು, ಆದರೆ ಕೌದಿಯ ಮೂಲೆ ಎಂದಮೇಲೆ ಗಟ್ಟಿಯೇ, ಎಂಟು ಪದರ ಬಟ್ಟೆ, ಮೇಲೆ ದಾರದ ಗಂಟುಗಳು. ಮರುವರ್ಷ ತಮ್ಮ ಹುಟ್ಟಿದ. ಅವನ ಕಾಲಲ್ಲಿ ಅಂಥದೇ ಬೆಳ್ಳಿಯ ಗೆಜ್ಜೆ ಕಂಡ ದಿನ ನನಗೆ ಎಲ್ಲ ತಿಳಿದುಹೋಯಿತು ಎಂದುಕೊಂಡೆ. ಅವ್ವ ಮೂಲೆ ಬಿಚ್ಚಿ ಗಂಗೂನ ಗೆಜ್ಜೆ ತೆಗೆದು ತಮ್ಮನಿಗೆ ಹಾಕಿದ್ದಾಳೆ. ಇಷ್ಟು ಬೇಗ ಮರೆತಳಲ್ಲ! ಆ ಮುನಿಸು ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತು. ಅವ್ವನನ್ನು ಒಂದು ಸಲವೂ ಕೇಳಲಿಲ್ಲ. ಅವಳು ಹೋಗಿ ಹದಿನೆಂಟು ವರ್ಷವಾಯಿತು. ಈ ಮಾತನ್ನು ನಮ್ಮ ಯಜಮಾನರಿಗೂ ಹೇಳಿದವಳಲ್ಲ ನಾನು. ಕೌದಿ ಮಾತ್ರ ನನ್ನ ಜೊತೆ ಪುಣೆಗೆ ಬಂದು ದಿವಾನಿನ ಪೆಟ್ಟಿಗೆಯೊಳಗೆ ಮಡಿಚಿ ಬಿದ್ದಿತ್ತು.

ಈಗ ಭೋಸರಿಯ ಹದಿನೈದರ ಹುಡುಗಿ ನನಗೆ ಆ ಮೂಲೆಯ ಕತೆ ಹೇಳುತ್ತಿದ್ದಾಳೆ! ಗೆಜ್ಜೆಯ ಮಾತು ಇವಳಿಗೆ ಹೇಳಿದವರು ಯಾರು? ಗುಂಡು ತೆಗೆದದ್ದು ಎಂದರೇನು? ಶನಿವಾರ ಶಾಲೆ ಬಿಟ್ಟ ಕೂಡಲೇ ಮೊಬೈಲು ಹಿಡಿದುಕೊಂಡು ಮನೆಗೆ ಬಾ ಎಂದು ಹೇಳಿ ಕಳಿಸಿದೆ. ನಕಲು ಹಿಡಿಯುವ ನೆಪ ಹೇಗೂ ಇತ್ತು.

ಮಧ್ಯಾಹ್ನ ಒಂದೂವರೆಗೆ ಬಂದಳು, ಯೂನಿಫಾರ್ಮಿನಲ್ಲೇ. ಚಪ್ಪಲಿಯನ್ನು ಬಾಗಿಲಲ್ಲಿ ಸಾಲಾಗಿ ಇಟ್ಟು ಒಳಗೆ ಬಂದು ನೆಲದ ಮೇಲೆಯೇ ಕೂತಳು. ನಾನು ಸುತ್ತುಬಳಸದೆ ಕೇಳಿದೆ, "ಇದನ್ನ ನೀ ಬರದೀಯೋ, ಎಐ ಬರದದೋ?"

"ಇಬ್ಬರೂ ಕೂಡಿ ಬರದೇವ್ರಿ ಟೀಚರ್," ಎಂದಳು ಹುಡುಗಿ, ಒಂದಿಷ್ಟೂ ಅಂಜದೆ.

ಆಮೇಲೆ ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಅದನ್ನು ನೋಡಿದ ಮೇಲೆ ನನ್ನ ಸಿಟ್ಟಿಗೆ ಕಾಲಿಡಲು ಜಾಗವೇ ಉಳಿಯಲಿಲ್ಲ. ಪ್ರತಿ ಪುಟಕ್ಕೂ ನಡುವೆ ಗೆರೆ ಎಳೆದಿದ್ದಳು. ಎಡಕ್ಕೆ 'ಎಐ ಹೇಳಿದ್ದು', ಬಲಕ್ಕೆ 'ಕಂಡವರು'. ಯಂತ್ರ ಒಂದು ಮಾತು ಹೇಳಿದರೆ ಅದನ್ನು ಎಡಕ್ಕೆ ಬರೆದು, ಭಾನುವಾರ ಊರಿಗೆ ಫೋನು ಹಚ್ಚಿ ಅಜ್ಜಿಗೆ ಓದಿ ಹೇಳುವುದು. ಅಜ್ಜಿ ಕಣ್ಣಾರೆ ಕಂಡದ್ದಾದರೆ ಬಲಕ್ಕೆ ಅಜ್ಜಿಯ ಹೆಸರು, ಯಾರ ಮನೆಯಲ್ಲಿ, ಯಾವ ಕೌದಿ, ಎಲ್ಲ. ಕಾಣದ್ದಾದರೆ ಅಡ್ಡಗೆರೆ. ಕೌದಿಯೊಳಗೆ ಹತ್ತಿ ತುಂಬುತ್ತಾರೆ ಎಂದು ಯಂತ್ರ ಹೇಳಿತ್ತಂತೆ. ಅಡ್ಡಗೆರೆ! ಪಕ್ಕದಲ್ಲಿ "ಅದು ಗಾದಿ, ಕೌದಿ ಅಲ್ಲ. ಅಜ್ಜಿ ನಕ್ಕಳು" ಎಂದು ಬರೆದಿದ್ದಳು. ರೇಷ್ಮೆ ದಾರದಿಂದ ಹೊಲಿಯುತ್ತಾರೆ ಎಂದಿತ್ತಂತೆ. ಅದಕ್ಕೂ ಅಡ್ಡಗೆರೆ.

"ಯಾರು ಕಲಿಸಿದರು ಇದನ್ನ?" ಎಂದೆ.

"ಯಾರೂ ಇಲ್ರಿ. ಅದು ಭಾಳ ಶಾಣೇ ಅದ, ಆದ್ರ ಸುಳ್ಳು ಹೇಳೂ ಮುಂದ ಅದರ ದನಿ ಬದಲಾಗಂಗಿಲ್ರಿ. ನಮ್ಮ ಸೋದರಮಾವ ಹಂಗೇ ಇದ್ದಾನ. ಹಂಗಂತ ಮಾವನ ಜೋಡಿ ಮಾತು ಬಿಡಾಕ ಆಗ್ತದೇನ್ರಿ?"

ನನಗೆ ನಗು ತಡೆಯಲಾಗಲಿಲ್ಲ. ಮೂವತ್ತೊಂದು ವರ್ಷ ಆಧಾರ ಆಧಾರ ಎಂದು ಬಡಿದುಕೊಂಡೆ, ಆದರೆ ಇಂಥದೊಂದು ನೋಟ್‌ಬುಕ್ ನನಗೆ ಹೊಳೆದಿರಲಿಲ್ಲ. ಮೊಬೈಲು ತೆಗೆದು ಅವಳು ಯಂತ್ರದೊಂದಿಗೆ ಆಡಿದ ಮಾತುಗಳನ್ನು ಮೊದಲಿನಿಂದ ತೋರಿಸಿದಳು. ಅದು ಬರೆದುಕೊಟ್ಟ ಕನ್ನಡಕ್ಕೆ "ನಮ್ಮ ಅಜ್ಜಿ ಹಿಂಗ ಮಾತಾಡಂಗಿಲ್ಲ, ಸಣ್ಣ ಸಣ್ಣ ವಾಕ್ಯ ಮಾಡು" ಎಂದು ಗದರಿದ್ದಳು. ಅದು ಕ್ಷಮೆ ಕೇಳಿತ್ತು. "ಕ್ಷಮಾ ಬ್ಯಾಡ, ಕೆಲಸ ಮಾಡು" ಎಂದಿದ್ದಳು. ಹೊಲಿಗೆಯ ಸಾಲುಗಳು ಯಾಕೆ ಅಷ್ಟು ಹತ್ತಿರ, ಬಟ್ಟೆಯ ಪದರಗಳ ನಡುವೆ ಗಾಳಿ ಹೇಗೆ ನಿಂತು ಬೆಚ್ಚಗಿಡುತ್ತದೆ ಎಂದೆಲ್ಲ ಕೇಳಿ ತಿಳಿದುಕೊಂಡಿದ್ದಳು. ಅದೂ ತಾಳ್ಮೆಯಿಂದ ವಿವರಿಸಿತ್ತು. ನಿಜ ಹೇಳುತ್ತೇನೆ, ನಾನು ಅಷ್ಟು ತಾಳ್ಮೆಯ ಟೀಚರ್ ಆಗಿರಲಿಲ್ಲ.

ಕೊನೆಗೆ ಗೆಜ್ಜೆಯ ಸಾಲಿಗೆ ಬಂದೆವು. "ರೊಟ್ಟಿ ಬಿಟ್ಟು ಮತ್ತೇನರ ಇಡ್ತಾರೇನು?" ಎಂದು ಅವಳು ಕೇಳಿದ್ದಳು. ಯಂತ್ರ ನಾಲ್ಕು ವಸ್ತು ಹೇಳಿತ್ತು. ಅರಿಷಿಣದ ಕೊಂಬು, ಒಂದು ಹಿಡಿ ಜೋಳ, ಮದುವೆ ಸೀರೆಯ ಚೂರು, ಈ ಮೂರಕ್ಕೂ ಬಲಗಡೆ ಅಜ್ಜಿಯ ಹೆಸರು ಇತ್ತು. ನಾಲ್ಕನೆಯದು ಗೆಜ್ಜೆ, ಗುಂಡು ತೆಗೆದ ಗೆಜ್ಜೆ. ಅದರ ಬಲಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ.

"ಅಜ್ಜಿ ಕಂಡಿಲ್ಲಂತ್ರಿ," ಎಂದಳು ಮಹಾದೇವಿ. ಮೊದಲ ಸಲ ಅವಳ ದನಿ ಸಣ್ಣದಾಯಿತು. "ಆದ್ರ ಓದಿದ ಕೂಡಲೇ ಅಜ್ಜಿ ಸುಮ್ಮ ಆಗಿಬಿಟ್ಲು. ನನಗೂ ಅಳು ಬಂತ್ರಿ. ಬಿಡಾಕ ಮನಸಾಗಲಿಲ್ಲ, ಇಟಗೊಂಡೆ."

ಹಾಗಾದರೆ ಈಗಲೇ ಕೇಳು ಎಂದೆ. ಅವಳು ನನ್ನ ಮುಂದೆಯೇ ಒತ್ತಿದಳು, ಈ ಗೆಜ್ಜೆಯ ಮಾತು ನಿನಗೆ ಎಲ್ಲಿಂದ ಬಂತು ಎಂದು. ಉತ್ತರ ಬರಲು ಹೊತ್ತೇನೂ ಹಿಡಿಯಲಿಲ್ಲ. "ಕ್ಷಮಿಸಿ. ಈ ಪದ್ಧತಿಗೆ ನನ್ನ ಬಳಿ ಯಾವ ಆಧಾರವೂ ಇಲ್ಲ. ಇದನ್ನು ನಾನು ಕಲ್ಪಿಸಿ ಬರೆದಿರಬಹುದು. ದಯವಿಟ್ಟು ಇದನ್ನು ಸತ್ಯವೆಂದು ಬಳಸಬೇಡಿ."

ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ಕಲ್ಪನೆಯಂತೆ, ಮುಗಿಯಿತಲ್ಲ. ಆದರೆ ಹುಡುಗಿಯ ಮುಖ ಬಾಡಿಹೋಯಿತು. ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಸ್ಕೇಲು ಹಿಡಿದು ಆ ಸಾಲಿನ ಮೇಲೆ ಅಡ್ಡಗೆರೆ ಎಳೆದಳು.

"ಸಲ್ಲಿಸಿದ ಪ್ರಾಜೆಕ್ಟಿನಾಗ ತಿದ್ದಾಕ ಬರಂಗಿಲ್ಲ, ಗೊತ್ತದಲ್ಲ? ಸೋಮವಾರ ನಾ ಷರಾ ಬರೀಬೇಕು," ಎಂದೆ.

"ಗೊತ್ತದ್ರಿ ಟೀಚರ್. ತಪ್ಪು ನಂದೇ. ಆದ್ರ ನನ್ನ ನೋಟ್‌ಬುಕ್ಕಿನಾಗರ ಸುಳ್ಳು ಉಳೀಬಾರದಲ್ರಿ." ಕಣ್ಣು ತುಂಬಿದ್ದವು, ಅಳಲಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟೆ. ಕುಡಿದು, ಲೋಟ ತೊಳೆದಿಟ್ಟು ಹೋದಳು.

ಅವಳು ಹೋದ ಮೇಲೆ ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆ. ಕಿಟಕಿಯಲ್ಲಿ ಬಿಸಿಲು ಇತ್ತು, ಕೆಳಗೆ ಗುಜರಿ ಕೊಳ್ಳುವ ಭಂಗಾರವಾಲಾ ಹಳೆಯ ಡಬ್ಬಿ ಕಬ್ಬಿಣ ಕೂಗಿಕೊಂಡು ಹೋಗುತ್ತಿದ್ದ. ಹೆದರುವಂಥ ಹೊತ್ತೇ ಅಲ್ಲ ಅದು. ಒಂದೇ ಒಂದು ಮಾತು ಮಾತ್ರ ತಲೆಯಿಂದ ಹೋಗಲೊಲ್ಲದು. ಗುಂಡು ತೆಗೆದು ಇಡುತ್ತಾರೆ. ಗೆಜ್ಜೆಗೆ ಗುಂಡೇ ಇಲ್ಲದಿದ್ದರೆ, ಏಳು ವರ್ಷದ ಹುಡುಗಿ ಎಷ್ಟು ಅಲ್ಲಾಡಿಸಿದರೇನು?

ದಿವಾನಿನ ಮುಚ್ಚಳ ಎತ್ತಿ ಕೌದಿ ತೆಗೆದೆ. ಕೆಂಪು ಖಣದ ಮೂಲೆ ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಅರವತ್ತೆರಡರ ಹೆಂಗಸು ನಾನು, ಕತ್ತರಿ ತಂದು ಕೂತೆ. ಅವ್ವನ ಹೊಲಿಗೆ ಒಂದೊಂದಾಗಿ ಕತ್ತರಿಸಿದೆ. ನಾಲ್ಕು ಪದರ, ಐದು, ಆರು. ಆರನೆಯದರ ಕೆಳಗೆ ಬೆರಳಿಗೆ ಗಟ್ಟಿಯಾದದ್ದು ಹತ್ತಿತು.

ಕಡಲೆಕಾಳಿನಷ್ಟು ಒಂದು ಗೆಜ್ಜೆ. ಬೆಳ್ಳಿ ಕಪ್ಪಾಗಿತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ಸಪ್ಪಳವಿಲ್ಲ. ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ ನೋಡಿದೆ. ಸೀಳಿದ ಬಾಯಿಯನ್ನು ಯಾವುದೋ ಮೊನೆಯಿಂದ ಒಂದು ಕಡೆ ಅಗಲಿಸಿದ ಗುರುತು ಸ್ಪಷ್ಟವಾಗಿತ್ತು. ಒಳಗೆ ಗುಂಡು ಇರಲಿಲ್ಲ.

ಅವ್ವ ತೆಗೆದಿರಲಿಲ್ಲ. ತಮ್ಮನಿಗೆ ಹಾಕಿರಲಿಲ್ಲ. ಮರೆತಿರಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ನಾನು ಅವಳ ಮೇಲೆ ಹೊತ್ತುಕೊಂಡು ತಿರುಗಿದ ಮುನಿಸಿಗೆ ಆಧಾರವೇ ಇರಲಿಲ್ಲ. ಆಧಾರ ಕೊಡು ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ನಾನು! ನೆಲದ ಮೇಲೆ ಕೂತು, ಕೌದಿಯಲ್ಲಿ ಮುಖ ಮುಚ್ಚಿಕೊಂಡು, ಚಿಕ್ಕ ಹುಡುಗಿಯ ಹಾಗೆ ಅತ್ತೆ. ಯಜಮಾನರು ಒಳಗಿನಿಂದ ಬಂದು ಏನಾಯಿತೆಂದು ಗಾಬರಿಯಾಗಿ ಕೇಳಿದರು. ಆ ದಿನ ಮೊದಲ ಸಲ ಅವರಿಗೆ ಗಂಗೂನ ಹೆಸರು ಹೇಳಿದೆ.

ಸೋಮವಾರ ಶಾಲೆಗೆ ಹೋಗಿ ಮುಖ್ಯಾಧ್ಯಾಪಕಿಯ ಕೋಣೆಗೆ ಮಹಾದೇವಿಯನ್ನು ಕರೆಸಿ, ನೋಟ್‌ಬುಕ್ ತಾ ಎಂದೆ. ಅಡ್ಡಗೆರೆ ಎಳೆದ ಸಾಲಿನ ಪಕ್ಕ, 'ಕಂಡವರು' ಎಂಬ ಕಡೆ ಇದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಹೊಡೆದುಹಾಕಿ ಕೆಂಪು ಪೆನ್ನಿನಿಂದ ಬರೆದೆ: "ನಿಜ. ನಮ್ಮ ಮನೆಯ ಕೌದಿಯಲ್ಲಿ ನಾನೇ ಕಂಡಿದ್ದೇನೆ." ಕೆಳಗೆ ನನ್ನ ಹೆಸರು ಬರೆದು ರುಜು ಹಾಕಿದೆ. ಮುಖ್ಯಾಧ್ಯಾಪಕಿ ಅದನ್ನು ಎರಡು ಸಲ ಓದಿದಳು. ಗೆಜ್ಜೆಯನ್ನು ಸಣ್ಣ ಕುಂಕುಮದ ಡಬ್ಬಿಯಲ್ಲಿ ತಂದಿದ್ದೆ, ಮೇಜಿನ ಮೇಲಿಟ್ಟೆ.

"ಟೀಚರ್‍ರ, ಇದು ಪ್ರಾಜೆಕ್ಟು ಕೊಟ್ಟ ಮ್ಯಾಲೆ ಸಿಕ್ಕ ಆಧಾರ ಆತಲ್ರಿ," ಎಂದಳು ಮುಖ್ಯಾಧ್ಯಾಪಕಿ ಮೆಲ್ಲಗೆ.

"ಐವತ್ತೈದು ವರ್ಷ ಮೊದಲೇ ಇದ್ದ ಆಧಾರ ಇದು. ನೋಡಾಕ ನಾ ತಡಾ ಮಾಡೇನಿ, ಹುಡುಗಿ ಅಲ್ಲ," ಎಂದೆ. 'ನಕಲು' ಎಂಬ ಷರಾ ಬೀಳಲಿಲ್ಲ. ವಿದ್ಯಾಲಯಕ್ಕೆ ಮಹಾದೇವಿಯ ಹೆಸರೇ ಹೋಯಿತು. ಈಗ ಹನ್ನೆರಡನೆಯದರಲ್ಲಿ ಇದ್ದಾಳೆ, ನಡುವೆ ಗೆರೆ ಎಳೆದ ಅಂಥದೇ ನೋಟ್‌ಬುಕ್ ಇಟ್ಟುಕೊಂಡು ಭೌತಶಾಸ್ತ್ರ ಓದುತ್ತಾಳಂತೆ.

ಇನ್ನು ಆ ಸಾಲು ಯಂತ್ರಕ್ಕೆ ಬಂದದ್ದು ಎಲ್ಲಿಂದ? ಕಂಪ್ಯೂಟರು ಓದಿದ ನನ್ನ ಸೊಸೆ, ಅದು ಜಗತ್ತಿನ ಬರಹವನ್ನೆಲ್ಲ ಓದಿಕೊಂಡಿರುತ್ತದೆ, ಎಲ್ಲೋ ಯಾರೋ ಬರೆದಿರಬೇಕು ಎನ್ನುತ್ತಾಳೆ. ಇರಬಹುದು. ಆದರೆ ಅವ್ವನಿಗೆ ರುಜು ಹಾಕಲೂ ಬರುತ್ತಿರಲಿಲ್ಲ. ಗೆಜ್ಜೆ ಇಟ್ಟದ್ದನ್ನು ಕಂಡ ನನಗೇ ಗುಂಡು ತೆಗೆದದ್ದು ಗೊತ್ತಿರಲಿಲ್ಲ, ಬರೆದವರು ಯಾರು? ಆಮೇಲೆ ನಮ್ಮ ಕಡೆಯ ಹತ್ತಾರು ಮುದುಕಿಯರನ್ನು ಕೇಳಿದೆ. ಇಂಥ ಪದ್ಧತಿ ಕೇಳಿದವರು ಒಬ್ಬರೂ ಇಲ್ಲ. ಸೊಸೆಯಿಂದ ಯಂತ್ರವನ್ನೇ ಮತ್ತೆ ಕೇಳಿಸಿದೆ. ಆಧಾರವಿಲ್ಲ, ಕ್ಷಮಿಸಿ, ಎನ್ನುತ್ತದೆ. ಮಗು ಕಳೆದುಕೊಂಡ ತಾಯಿ ಏನು ಮಾಡಿಯಾಳು ಎಂದು ಅದು ಸುಮ್ಮನೆ ಊಹಿಸಿತು ಎಂದರೆ, ಎಂಥ ಊಹೆ ಅದು! ನನಗಂತೂ ಅರ್ಥವಾಗಿಲ್ಲ. ಅರ್ಥವಾಗಲಿಲ್ಲ ಎಂದು ಬರೆಯುವುದಕ್ಕೂ ಈಗ ನಾಚಿಕೆಯಿಲ್ಲ.

ಆ ವರ್ಷ ಪರೀಕ್ಷೆ ಮುಗಿದ ಮೇಲೆ ಮಹಾದೇವಿ ಮನೆಗೆ ಬಂದಳು. ಅಜ್ಜಿಯಿಂದ ಕೌದಿ ಹೊಲಿಗೆ ಕಲಿತಿದ್ದಳು. ಬಿಚ್ಚಿದ ಮೂಲೆಯನ್ನು ಇಬ್ಬರೂ ಕೂಡಿ ಹೊಲಿಯಲು ಕೂತೆವು, ಗಂಗೂನ ಕತೆಯನ್ನೆಲ್ಲ ಅವಳಿಗೆ ಹೇಳಿದೆ. ಗೆಜ್ಜೆಯನ್ನು ಒಳಗಿಡುವಾಗ ಅವಳು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. "ಟೀಚರ್, ಇದರಾಗ ಒಂದು ಗುಂಡು ಹಾಕಿಸೂಣೇನ್ರಿ? ನೀವು ಸಣ್ಣಾಕಿ ಇದ್ದಾಗ ಸಪ್ಪಳ ಕೇಳಬೇಕಂತ ಎಷ್ಟು ಆಸೆ ಮಾಡೀರಿ. ಈಗರ ಕೇಳ್ರಿ."

"ಬ್ಯಾಡವ್ವ," ಎಂದೆ, ಸೂಜಿಗೆ ದಾರ ಪೋಣಿಸುತ್ತ. "ನಮ್ಮವ್ವಗ ಎಚ್ಚರ ಆದೀತು."